ಊರಿಗೊಂದು ಮೃಗಾಲಯ ಬೇಕೇ? ತೀರ್ಮಾನಿಸುವುದು ಹೀಗೆ

ಊರು ಬೆಳೆಯುತ್ತಾ ಹೋದಂತೆ ಬೇಡಿಕೆಗಳ ಪಟ್ಟಿಯೂ ಉದ್ದವಾಗುತ್ತದೆ. ಕ್ರೀಡಾಂಗಣ ಆಗಬೇಕು, ವಿಮಾನ ನಿಲ್ದಾಣ ಬರಬೇಕು, ವಸ್ತುಸಂಗ್ರಹಾಲಯ ಇರಬೇಕು. ಮಾತು ಹೀಗೇ ಸಾಗುತ್ತಿರುವಾಗ ಯಾರಾದರೊಬ್ಬರು ‘ಒಂದು ಮೃಗಾಲಯ ಯಾಕಾಗಬಾರದು?’ ಎನ್ನುತ್ತಾರೆ. ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ, ಮಕ್ಕಳ ಮುಖ ನೆನಪಾಗುತ್ತದೆ. ಆದರೆ ಇದು ಉಳಿದ ಯೋಜನೆಗಳ ಸಾಲಿಗೆ ಸೇರುವಂಥದ್ದಲ್ಲ. ಅನುದಾನ ನಿಂತರೆ ಕ್ರೀಡಾಂಗಣದಲ್ಲಿ ಹುಲ್ಲು ಬೆಳೆಯುತ್ತದೆ, ಅಷ್ಟೇ. ಮೃಗಾಲಯದಲ್ಲಿ ಅನುದಾನ ನಿಂತರೆ ಒಳಗಿರುವ ಜೀವ ಉಪವಾಸ ಬೀಳುತ್ತದೆ. ಆನೆ 60 ವರ್ಷ ಬದುಕಬಲ್ಲ ಪ್ರಾಣಿ. ಅದನ್ನು ತರಿಸಿದವರು ಅಧಿಕಾರ ಬಿಟ್ಟು, ಅವರ ನಂತರ ಬಂದವರೂ ಹೋಗಿ, ಹತ್ತಾರು ಆಡಳಿತಗಳು ಬದಲಾದ ಮೇಲೂ ಅದಕ್ಕೆ ಬೆಳಗಾದರೆ ಮೇವು ಬೇಕು.

ಹಾಗಾಗಿ ಈ ಪ್ರಶ್ನೆಯನ್ನು ಒಂದು ಸಭೆಯಲ್ಲಿ ಕೈ ಎತ್ತಿಸಿ ಮುಗಿಸಬೇಡಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ದಾಟಿ. ಎಲ್ಲಿ ಕಾಲು ಸಿಕ್ಕಿಕೊಂಡಿತೋ ಅಲ್ಲಿಗೇ ನಿಲ್ಲಿಸಿ.

ಹಂತ 1: ಯಾವುದಕ್ಕಾಗಿ ಎಂದು ಬರೆದಿಡಿ

ಈಗಲೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಅತಿ ಹಳೆಯದು ವಿಯೆನ್ನಾದ ಶೋನ್‌ಬ್ರುನ್. ಅದು 1752ರಲ್ಲಿ ಶುರುವಾದದ್ದು ಅರಮನೆಯ ವೈಭವಕ್ಕಾಗಿ. ಲಂಡನ್ ಮೃಗಾಲಯ 1828ರಲ್ಲಿ ತೆರೆದದ್ದು ವಿಜ್ಞಾನಿಗಳ ಅಧ್ಯಯನಕ್ಕೆಂದು. ಸಾಮಾನ್ಯ ಜನರಿಗೆ ಅದರ ಬಾಗಿಲು ತೆರೆದದ್ದು 1847ರಲ್ಲಿ. ಅಂದಿನ ಕಾರಣಗಳು ಅಂದಿಗೆ. ಇಂದು ಕಾಡುಪ್ರಾಣಿಯನ್ನು ಜೀವನವಿಡೀ ಆವರಣದಲ್ಲಿಡಲು ಮೂರೇ ಕಾರಣಗಳನ್ನು ನಾನು ಒಪ್ಪುತ್ತೇನೆ. ಕಾಡಿನಲ್ಲಿ ಅಳಿಯುತ್ತಿರುವ ತಳಿಯನ್ನು ಉಳಿಸುವುದು, ಗಾಯಗೊಂಡು ಮತ್ತೆ ಕಾಡಿಗೆ ಹೋಗಲಾರದ ಪ್ರಾಣಿಗೆ ಆಸರೆ ಕೊಡುವುದು, ಜನರಿಗೆ ಜೀವಜಗತ್ತನ್ನು ಸರಿಯಾಗಿ ಪರಿಚಯಿಸುವುದು. ‘ಪ್ರವಾಸಿಗರು ಬರುತ್ತಾರೆ’ ಎಂಬುದೊಂದೇ ಕಾರಣವಾಗಿದ್ದರೆ ಇಲ್ಲಿಗೇ ಕೈಬಿಡಿ.

ಮೃಗಾಲಯದಿಂದ ಏನೂ ಉಪಯೋಗವಿಲ್ಲ ಎನ್ನುವವರ ಜತೆಗೂ ನಾನಿಲ್ಲ. ಅರೇಬಿಯನ್ ಓರಿಕ್ಸ್ ಎಂಬ ಉದ್ದ ಕೊಂಬಿನ ಬಿಳಿ ಹುಲ್ಲೆಯ ಕಥೆಯೇ ಅದಕ್ಕೆ ಉತ್ತರ. ಬೇಟೆಯಿಂದ ಅದರ ಸಂಖ್ಯೆ ಕರಗುತ್ತಿದ್ದಾಗ, ಅಮೆರಿಕದ ಮರುಭೂಮಿಯಲ್ಲಿ ವೇಗವಾಗಿ ಬೆಳೆಯುತ್ತಿದ್ದ ಫೀನಿಕ್ಸ್ ನಗರದಲ್ಲಿ 1962ರಲ್ಲಷ್ಟೇ ಒಂದು ಮೃಗಾಲಯ ತೆರೆದಿತ್ತು. ಅಲ್ಲಿನ ಬಿಸಿಲು, ಒಣಹವೆ ಅರೇಬಿಯಾವನ್ನು ಹೋಲುತ್ತಿದ್ದುದರಿಂದ ಓರಿಕ್ಸ್‌ಗಳನ್ನು ಅಲ್ಲಿಗೇ ಕಳುಹಿಸಲಾಯಿತು. ಒಂಬತ್ತು ಪ್ರಾಣಿಗಳ ಹಿಂಡೊಂದು ಅಲ್ಲಿ ರೂಪುಗೊಂಡಿತು. 1972ರಲ್ಲಿ ಕಾಡಿನಲ್ಲಿದ್ದ ಕೊನೆಯ ಓರಿಕ್ಸ್‌ಗಳೂ ಇಲ್ಲವಾದವು. ಹತ್ತು ವರ್ಷದ ನಂತರ, 1982ರಲ್ಲಿ, ಸಾಕಣೆಯಲ್ಲಿ ಬೆಳೆದ ಓರಿಕ್ಸ್‌ಗಳನ್ನು ಒಮಾನ್‌ನ ಮರುಭೂಮಿಗೆ ಬಿಡಲಾಯಿತು. ಹೊಸ ಊರಿನ ಹೊಸ ಮೃಗಾಲಯವೂ ದೊಡ್ಡ ಕೆಲಸ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫೀನಿಕ್ಸ್‌ಗೆ ಅದು ಸಾಧ್ಯವಾದದ್ದು ತನ್ನ ಹವೆಗೆ ಒಗ್ಗುವ ಪ್ರಾಣಿಯನ್ನು ಸಾಕಿದ್ದರಿಂದ.

ಹಂತ 2: ಕಟ್ಟುವ ಖರ್ಚು ಬಿಡಿ, ಸಾಕುವ ಖರ್ಚು ಕೇಳಿ

ಯೋಜನಾ ವರದಿಗಳಲ್ಲಿ ಗೋಡೆ, ಕಂದಕ, ಹೆಬ್ಬಾಗಿಲು, ಪಾರ್ಕಿಂಗ್ ಎಲ್ಲದಕ್ಕೂ ಅಂದಾಜು ಇರುತ್ತದೆ. ಅದು ಒಂದು ಸಲದ ಖರ್ಚು. ಮೇವು, ಮಾಂಸ, ಔಷಧ, ಸಂಬಳ, ವಿದ್ಯುತ್, ಕೊಳಗಳ ನೀರು ಶುದ್ಧೀಕರಣ, ತುಕ್ಕು ಹಿಡಿದ ಬಾಗಿಲುಗಳ ದುರಸ್ತಿ ಇವು ಪ್ರತಿದಿನದ್ದು. ದೊಡ್ಡ ಆನೆಯೊಂದಕ್ಕೇ ದಿನಕ್ಕೆ 150 ಕಿಲೋ ಆಸುಪಾಸು ಮೇವು ಬೇಕಾಗುತ್ತದೆ.

ಟಿಕೆಟ್ ಹಣದಲ್ಲಿ ಎಲ್ಲ ನಡೆದುಹೋಗುತ್ತದೆ ಎಂಬ ಭರವಸೆಯನ್ನು 2020 ಹುಸಿ ಮಾಡಿತು. ಕೋವಿಡ್‌ನಿಂದ ಜಗತ್ತಿನಾದ್ಯಂತ ಮೃಗಾಲಯಗಳು ಬಾಗಿಲು ಹಾಕಿದವು, ಆದಾಯ ಸೊನ್ನೆಗೆ ಇಳಿಯಿತು. ಪ್ರಾಣಿಗಳ ಹೊಟ್ಟೆಗೆ ಲಾಕ್‌ಡೌನ್ ಇರಲಿಲ್ಲ.

ಆದ್ದರಿಂದ ನಗರಾಡಳಿತವನ್ನು ಹೀಗೆ ಕೇಳಿ: ಒಬ್ಬನೇ ಒಬ್ಬ ಪ್ರೇಕ್ಷಕ ಬಾರದಿದ್ದರೂ ಎರಡು ವರ್ಷ ನಡೆಸುವಷ್ಟು ಹಣವನ್ನು ಬೇರೆ ಯಾವುದಕ್ಕೂ ಮುಟ್ಟದ ನಿಧಿಯಾಗಿ ಇಡುತ್ತೀರಾ? ಎರಡು ವರ್ಷ ಎನ್ನುವುದು ನನ್ನ ಲೆಕ್ಕ, ಹೆಚ್ಚಿದ್ದರೆ ಒಳ್ಳೆಯದು. ‘ನೋಡೋಣ’ ಎಂಬ ಉತ್ತರವನ್ನು ‘ಇಲ್ಲ’ ಎಂದೇ ತಿಳಿಯಿರಿ.

ಹಂತ 3: ಜಾಗ

ಲಂಡನ್ ಮೃಗಾಲಯದ ವಿಸ್ತೀರ್ಣ ಸುಮಾರು 36 ಎಕರೆ. ನಗರದ ನಡುವಿನ ಆ ಜಾಗ ಸಾಲದು ಎಂದು ಗೊತ್ತಾಗಿ 1931ರಲ್ಲಿ ಅದೇ ಸಂಸ್ಥೆ ಊರಿನಾಚೆ ವಿಪ್ಸ್‌ನೇಡ್‌ನಲ್ಲಿ ವಿಶಾಲವಾದ ಇನ್ನೊಂದು ಮೃಗಾಲಯ ತೆರೆಯಿತು. 2001ರಲ್ಲಿ ಆನೆಯಿಂದ ಪಾಲಕರೊಬ್ಬರು ಸಾವಿಗೀಡಾದ ಮೇಲೆ, ಲಂಡನ್ನಿನಲ್ಲಿ ಉಳಿದಿದ್ದ ಆನೆಗಳೂ ಅಲ್ಲಿಗೆ ಹೋದವು.

ಬೆಳೆಯುತ್ತಿರುವ ಊರು ಜಾಗ ನೋಡುವಾಗ ಇಂದಿನ ಗಡಿಯನ್ನಲ್ಲ, ಮೂವತ್ತು ವರ್ಷದ ನಂತರದ ಗಡಿಯನ್ನು ನೋಡಬೇಕು. ಇಂದು ಹೊರವಲಯವಾಗಿರುವ ಜಾಗದ ಪಕ್ಕದಲ್ಲೇ ನಾಳೆ ಮೇಲ್ಸೇತುವೆ ಬರುತ್ತದೆ, ರಾತ್ರಿಯಿಡೀ ಹಾರ್ನ್, ದೀಪ. ಜತೆಗೆ, ಪ್ರೇಕ್ಷಕರ ಕಣ್ಣಿಗೆ ಬೀಳದ ಭಾಗಕ್ಕೂ ಜಾಗ ಬೇಕು: ಆಸ್ಪತ್ರೆ, ಹೊಸದಾಗಿ ಬಂದ ಪ್ರಾಣಿಗಳ ಕ್ವಾರಂಟೈನ್, ರಾತ್ರಿ ತಂಗುವ ಕೋಣೆಗಳು, ಮೇವಿನ ಉಗ್ರಾಣ, ಮರಿಗಳು ಬೆಳೆದಾಗ ಬೇರ್ಪಡಿಸಿ ಇಡುವ ಆವರಣಗಳು. ನಕ್ಷೆಯಲ್ಲಿ ಇವಕ್ಕೆ ಮೂಲೆಯೊಂದನ್ನು ಮಾತ್ರ ಬಿಟ್ಟಿದ್ದರೆ ಆ ನಕ್ಷೆಯನ್ನು ವಾಪಸ್ ಕಳುಹಿಸಿ. ಮತ್ತೆ, ಕೆರೆ ಮುಚ್ಚಿ, ಮರ ಕಡಿದು ಮೃಗಾಲಯ ಕಟ್ಟುವ ಮಾತು ಬಂದರೆ ಒಪ್ಪಲೇಬೇಡಿ. ಅಲ್ಲಿ ಈಗಾಗಲೇ ಪ್ರಾಣಿಗಳು ಬದುಕಿವೆ.

ಹಂತ 4: ಪ್ರಾಣಿಗಿಂತ ಮೊದಲು ಪಾಲಕರು

ನನ್ನ ಮಟ್ಟಿಗೆ ಇಡೀ ನಿರ್ಧಾರ ನಿಂತಿರುವುದು ಈ ಹಂತದ ಮೇಲೆ. ಮೃಗಾಲಯದ ಬೆಳಗು ಹೇಗಿರುತ್ತದೆ ನೋಡಿ. ಹುಲಿಯ ಆವರಣಕ್ಕೆ ಹೋಗುವ ಮುನ್ನ ಪಾಲಕ ರಾತ್ರಿ ಕೋಣೆಯ ಮುಂದೆ ನಿಂತು ಒಳಗೆ ಎಷ್ಟಿವೆ ಎಂದು ಎಣಿಸುತ್ತಾನೆ. ಬೀಗ ಹಾಕಿದೆಯೋ ಎಂದು ಕೈಯಿಂದ ಎಳೆದು ನೋಡುತ್ತಾನೆ. ನಿನ್ನೆ ಹಾಕಿದ ಮಾಂಸದಲ್ಲಿ ಎಷ್ಟು ಉಳಿದಿದೆ, ಲದ್ದಿ ಗಟ್ಟಿಯಾಗಿದೆಯೋ ತೆಳುವಾಗಿದೆಯೋ, ತೊಟ್ಟಿಯ ನೀರು ಎಷ್ಟು ಇಳಿದಿದೆ, ಹುಲಿ ಎದ್ದಾಗ ಹಿಂಗಾಲನ್ನು ಪೂರ್ತಿ ಊರುತ್ತದೆಯೋ ಇಲ್ಲವೋ, ಇಷ್ಟನ್ನೂ ಗಮನಿಸಿ ದಿನಚರಿ ಪುಸ್ತಕದಲ್ಲಿ ಬರೆಯುತ್ತಾನೆ. ಕಾಡುಪ್ರಾಣಿ ತನ್ನ ಕಾಯಿಲೆಯನ್ನು ತೋರಗೊಡುವುದಿಲ್ಲ. ಕಾಡಿನಲ್ಲಿ ಸೋತಂತೆ ಕಂಡರೆ ಉಳಿಗಾಲವಿಲ್ಲ. ವರ್ಷಗಟ್ಟಲೆ ಅದನ್ನೇ ನೋಡಿದ ಕಣ್ಣಿಗೆ ಮಾತ್ರ ‘ಇವತ್ತು ಏನೋ ಸರಿ ಇಲ್ಲ’ ಎಂದು ಹೊಳೆಯುತ್ತದೆ.

ಆ ಕಣ್ಣು ಮೂರು ತಿಂಗಳಿಗೊಮ್ಮೆ ಬದಲಾಗುವ ಗುತ್ತಿಗೆ ನೌಕರನಿಗೆ ಬರುವುದಿಲ್ಲ. ಕಾಯಂ ಕೆಲಸ, ತರಬೇತಿ, ವಿಮೆ, ಕಾಡುಪ್ರಾಣಿಗಳಲ್ಲಿ ಪಳಗಿದ ಪೂರ್ಣಾವಧಿ ಪಶುವೈದ್ಯರು, ಇಷ್ಟನ್ನು ಮೊದಲು ಹೊಂದಿಸಿ. ಮೃಗಾಲಯ ತೆರೆಯುವ ಮೊದಲೇ ಪಾಲಕರನ್ನು ನೇಮಿಸಿ, ಹಳೆಯ ಮೃಗಾಲಯವೊಂದರಲ್ಲಿ ಒಂದೆರಡು ವರ್ಷ ಕೆಲಸ ಕಲಿಯಲು ಕಳುಹಿಸಿ.

ಹಂತ 5: ಕೊನೆಗೆ ಪ್ರಾಣಿಗಳ ಪಟ್ಟಿ

ಎಲ್ಲರೂ ಮೊದಲು ಮಾಡುವುದು ಇದನ್ನೇ. ಆನೆ, ಸಿಂಹ, ಜಿರಾಫೆ ಎಂದು ಬೆರಳು ಮಡಚುತ್ತಾರೆ. ಆದರೆ ಆವರಣದಲ್ಲಿ ಎಲ್ಲ ಪ್ರಾಣಿಗಳೂ ಒಂದೇ ರೀತಿ ನರಳುವುದಿಲ್ಲ. 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಕಾಡಿನಲ್ಲಿ ಬಹುದೂರ ಅಲೆಯುವ ಮಾಂಸಾಹಾರಿಗಳಲ್ಲೇ ಒಂದೇ ಜಾಡಿನಲ್ಲಿ ಅತ್ತಿಂದಿತ್ತ ಸುಮ್ಮನೆ ನಡೆಯುವ ಚಾಳಿ ಹೆಚ್ಚು, ಮರಿಗಳ ಸಾವೂ ಹೆಚ್ಚು. ಹಿಮಕರಡಿಗೆ ಮೃಗಾಲಯದಲ್ಲಿ ಸಿಗುವ ಜಾಗ, ಕಾಡಿನಲ್ಲಿ ಅದು ಸುತ್ತುವ ಕನಿಷ್ಠ ಪ್ರದೇಶದ ಹತ್ತು ಲಕ್ಷದಲ್ಲಿ ಒಂದು ಪಾಲು. 2008ರಲ್ಲಿ ‘ಸೈನ್ಸ್’ ಪತ್ರಿಕೆ ಆನೆಗಳ ಆಯಸ್ಸಿನ ಲೆಕ್ಕ ಪ್ರಕಟಿಸಿತು. ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಆಫ್ರಿಕನ್ ಹೆಣ್ಣಾನೆಗಳ ಮಧ್ಯಾಂಕ ಆಯಸ್ಸು (ಅಂದರೆ ಅರ್ಧದಷ್ಟು ಆನೆಗಳು ಸಾಯುವ ಹೊತ್ತಿನ ವಯಸ್ಸು) 16.9 ವರ್ಷ, ಕೀನ್ಯಾದ ಅಂಬೊಸೆಲಿ ರಾಷ್ಟ್ರೀಯ ಉದ್ಯಾನದಲ್ಲಿ ಸಹಜ ಸಾವು ಕಂಡವುಗಳದ್ದು 56 ವರ್ಷ. ಆನೆ ಇಲ್ಲದ ಮೃಗಾಲಯ ಎಂಥ ಮೃಗಾಲಯ ಎಂದು ಕೇಳುವವರಿಗೆ ಡೆಟ್ರಾಯಿಟ್ ಉತ್ತರ ಕೊಟ್ಟಿದೆ. ಅಲ್ಲಿನ ಚಳಿಯಲ್ಲಿ ಕೀಲುನೋವಿನಿಂದ ಬಳಲುತ್ತಿದ್ದ ವಿಂಕಿ, ವಾಂಡಾ ಎಂಬ ಎರಡು ಆನೆಗಳನ್ನು ಮೃಗಾಲಯವೇ 2005ರಲ್ಲಿ ಕ್ಯಾಲಿಫೋರ್ನಿಯಾದ ಆಶ್ರಯಧಾಮಕ್ಕೆ ಬಿಟ್ಟುಬಂತು. ಮೃಗಾಲಯ ಇಂದಿಗೂ ನಡೆಯುತ್ತಿದೆ.

ಹಾಗಾದರೆ ಯಾವುದನ್ನು ಸಾಕಬೇಕು? ನನ್ನ ಆಯ್ಕೆ ಸಣ್ಣ ಜೀವಿಗಳು: ಕಪ್ಪೆ, ಆಮೆ, ಮೀನು, ಬಸವನಹುಳು. ತಾಂಜಾನಿಯಾದ ಕಿಹಾನ್ಸಿ ಜಲಪಾತದ ತುಂತುರಿನಲ್ಲಿ ಮಾತ್ರ ಬದುಕುತ್ತಿದ್ದ ಒಂದು ನೆಲಗಪ್ಪೆ ಇದೆ. ಉದ್ದ ಹೆಚ್ಚೆಂದರೆ ಎರಡು-ಮೂರು ಸೆಂಟಿಮೀಟರ್, ಮೈಬಣ್ಣ ಹಳದಿ. ಮೊಟ್ಟೆಯಿಡದೆ ನೇರವಾಗಿ ಪುಟಾಣಿ ಮರಿಗಳನ್ನೇ ಹಾಕುತ್ತದೆ. ಅಣೆಕಟ್ಟಿಗೆ ನೀರು ತಿರುಗಿಸಿದಾಗ ತುಂತುರು ಬತ್ತಿತು, ರೋಗವೂ ತಗುಲಿತು, 2009ರಲ್ಲಿ ಅದು ಕಾಡಿನಲ್ಲಿ ಅಳಿದಿದೆ ಎಂದು ಘೋಷಿಸಲಾಯಿತು. ಆದರೆ 2000ದಲ್ಲೇ ಐನೂರರಷ್ಟು ಕಪ್ಪೆಗಳನ್ನು ಅಮೆರಿಕಕ್ಕೆ ಒಯ್ದಿದ್ದರು. ಬ್ರಾಂಕ್ಸ್ ಮತ್ತು ಟೊಲಿಡೊ ಮೃಗಾಲಯಗಳು ಗಾಜಿನ ತೊಟ್ಟಿಗಳಲ್ಲಿ ತುಂತುರು ಹಾಯಿಸಿ ಅವುಗಳ ಸಂತತಿ ಬೆಳೆಸಿದವು. 2012ರಲ್ಲಿ ಕಪ್ಪೆಗಳು ತವರಿನ ಕಣಿವೆಗೆ ಮರಳಿದವು. ಒಂದು ತಳಿಯನ್ನೇ ಉಳಿಸಿದ ಈ ಕೆಲಸಕ್ಕೆ ಆನೆಯ ಆವರಣದ ಒಂದು ಮೂಲೆಯಷ್ಟು ಜಾಗ ಸಾಕು. ಚಿಕ್ಕ ಊರೂ ಇದನ್ನು ಮಾಡಬಹುದು.

ಪಟ್ಟಿಯಲ್ಲಿ ಪ್ರತಿ ಪ್ರಾಣಿಯ ಹೆಸರಿನ ಮುಂದೆ ಎರಡು ಸಾಲು ಬರೆಯಿರಿ. ಎಲ್ಲಿಂದ ಬರುತ್ತದೆ? (ಕಾಡಿನಿಂದ ಹಿಡಿದು ತರುವುದಾದರೆ ಹೆಸರು ಹೊಡೆದುಹಾಕಿ.) ಮರಿ ಹಾಕಿದರೆ ಮರಿ ಎಲ್ಲಿಗೆ ಹೋಗುತ್ತದೆ? 2014ರಲ್ಲಿ ಕೋಪನ್‌ಹೇಗನ್ ಮೃಗಾಲಯ ಮರಿಯಸ್ ಎಂಬ ಆರೋಗ್ಯವಂತ ಎಳೆಯ ಜಿರಾಫೆಯನ್ನು ಕೊಂದಿತು. ಅದರ ವಂಶವಾಹಿಗಳು ಸಾಕಣೆ ಹಿಂಡಿನಲ್ಲಿ ಈಗಾಗಲೇ ಸಾಕಷ್ಟಿವೆ ಎಂಬುದು ಕಾರಣ. ಎರಡನೇ ಪ್ರಶ್ನೆಗೆ ಉತ್ತರವಿಲ್ಲದೆ ಪ್ರಾಣಿ ತಂದರೆ ಯಾವ ಊರಾದರೂ ಒಂದು ದಿನ ಇಂಥದೇ ಇಕ್ಕಟ್ಟಿಗೆ ಸಿಲುಕುತ್ತದೆ.

ಹಂತ 6: ಸುರಕ್ಷತೆ

ಇಲ್ಲಿ ಚೌಕಾಸಿ ಬೇಡ. 2007ರ ಡಿಸೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೊ ಮೃಗಾಲಯದಲ್ಲಿ ಹುಲಿಯೊಂದು ಕಂದಕದ ಗೋಡೆ ಹತ್ತಿ ಹೊರಬಂದು ಒಬ್ಬನನ್ನು ಕೊಂದಿತು. ಗೋಡೆಯ ಎತ್ತರ ಸುಮಾರು 12.5 ಅಡಿ ಇತ್ತು. ಮಾರ್ಗಸೂಚಿಯಂತೆ 16 ಅಡಿಗೂ ಹೆಚ್ಚು ಇರಬೇಕಿತ್ತು. ಹುಲಿಯನ್ನು ಪೊಲೀಸರು ಗುಂಡಿಟ್ಟು ಕೊಂದರು. ಅಳತೆಗಳನ್ನು ಗುತ್ತಿಗೆದಾರರ ಮಾತಿನ ಮೇಲೆ ಬಿಡದೆ ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸಿ.

ಹಂತ 7: ಮುಚ್ಚುವ ದಾರಿಯನ್ನೂ ಈಗಲೇ ಬರೆಯಿರಿ

ಬ್ಯೂನಸ್ ಐರಿಸ್ ನಗರ 2016ರಲ್ಲಿ ತನ್ನ ಹಳೆಯ ಮೃಗಾಲಯವನ್ನು ಮುಚ್ಚಿ ಪರಿಸರ ಉದ್ಯಾನ ಮಾಡುವುದಾಗಿ ಘೋಷಿಸಿತು. ಬಾಗಿಲಿಗೆ ಬೀಗ ಬೀಳುವುದು ಬೇಗ ಆಯಿತು, ಪ್ರಾಣಿಗಳಿಗೆ ನೆಲೆ ಹುಡುಕುವುದು ವರ್ಷಗಟ್ಟಲೆ ಎಳೆಯಿತು. ಮಾರಾ ಎಂಬ ಆನೆ ಬ್ರೆಜಿಲ್‌ನ ಆಶ್ರಯಧಾಮ ತಲುಪಿದ್ದು 2020ರಲ್ಲಿ. ಹಾಗಾಗಿ ಯೋಜನೆ ನಿಂತರೆ ಯಾವ ಪ್ರಾಣಿಯನ್ನು ಯಾರು ತೆಗೆದುಕೊಳ್ಳುತ್ತಾರೆ, ಸಾಗಣೆಯ ಹಣ ಯಾರದ್ದು ಎಂಬ ಒಪ್ಪಂದ ಮೊದಲ ಪ್ರಾಣಿ ಬರುವ ಮುನ್ನವೇ ಸಹಿಯಾಗಿರಲಿ.

ಉತ್ತರ ‘ಬೇಡ’ ಎಂದು ಬಂದರೆ

ಬೆಳೆಯುತ್ತಿರುವ ಹೆಚ್ಚಿನ ಊರುಗಳಿಗೆ, ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ, ಇದೇ ಉತ್ತರ ಬರುತ್ತದೆ ಎಂದು ನನ್ನ ನಂಬಿಕೆ. ಅದಕ್ಕೆ ಬೇಸರಪಡಬೇಕಿಲ್ಲ. ಗುರುತಿಸಿದ ಜಾಗದ ಮರ, ನೀರು ಹಾಗೇ ಇರಲಿ. ಹಕ್ಕಿ ನೋಡಲು ಮಕ್ಕಳನ್ನು ಕರೆದೊಯ್ಯುವವರೊಬ್ಬರನ್ನು ನೇಮಿಸಿ. ಒಂದು ಬದಿಯಲ್ಲಿ ಪುಟ್ಟ ವನ್ಯಜೀವಿ ಆಸ್ಪತ್ರೆ ಕಟ್ಟಿ. ವಿದ್ಯುತ್ ತಂತಿ ತಗುಲಿ ಬಿದ್ದ ಹಕ್ಕಿ, ವಾಹನಕ್ಕೆ ಸಿಕ್ಕ ಪ್ರಾಣಿ, ಮನೆಯೊಳಗೆ ನುಗ್ಗಿದ ಹಾವು ಎಲ್ಲ ಊರಲ್ಲೂ ಇದ್ದದ್ದೇ, ಅವುಗಳನ್ನು ಎಲ್ಲಿಗೆ ಒಯ್ಯಬೇಕೆಂದು ಬಹಳ ಕಡೆ ಯಾರಿಗೂ ಗೊತ್ತಿಲ್ಲ. ಇದನ್ನು ಐದಾರು ವರ್ಷ ಚೆನ್ನಾಗಿ ನಡೆಸಿದ ಊರಿನ ಬಳಿ ಪಳಗಿದ ವೈದ್ಯರು, ಪಾಲಕರು, ನಿಜವಾದ ಖರ್ಚಿನ ಪುಸ್ತಕ ಎಲ್ಲವೂ ಇರುತ್ತವೆ. ಮೃಗಾಲಯದ ಪ್ರಶ್ನೆಯನ್ನು ಆಗ ಮತ್ತೆ ಮೇಜಿನ ಮೇಲಿಡಬಹುದು.