ಕನ್ನಡ ಪುಟವನ್ನು ಫೋನಿನಲ್ಲೇ ತಿದ್ದುವುದು: ನನ್ನ ಅನುಭವ

ಇಳಕಲ್ ಸೀರೆ, ಗುಳೇದಗುಡ್ಡ ಖಣ ಮಾರುವವರ ವೆಬ್‌ಸೈಟ್ ಮಾಡುವಾಗ ನಾನು ಲ್ಯಾಪ್‌ಟಾಪಿನ ಪರದೆಯನ್ನಷ್ಟೇ ನಂಬುವುದಿಲ್ಲ. ಗಿರಾಕಿ ಪುಟ ತೆರೆಯುವುದು ಆಂಡ್ರಾಯ್ಡ್ ಫೋನಿನಲ್ಲಿ, ಕನ್ನಡ ಅಕ್ಷರ ಕೆಡುವುದೂ ಅಲ್ಲೇ. ಕ್ರೋಮ್‌ನ ಡಿವೈಸ್ ಮೋಡ್ (ಲ್ಯಾಪ್‌ಟಾಪಿನಲ್ಲೇ ಫೋನಿನಂತೆ ಪುಟ ತೋರಿಸುವ ಸೌಲಭ್ಯ) ಪರದೆಯ ಅಳತೆ ಬದಲಿಸುತ್ತದೆ. ಸಿಸ್ಟಮ್ ಫಾಂಟ್ ಮಾತ್ರ ಲ್ಯಾಪ್‌ಟಾಪಿನದ್ದೇ.

ಹಾಗಾಗಿ ಮೊದಲ ಕೆಲಸ ಯುಎಸ್‌ಬಿ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸುವುದು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ, ಡೆವಲಪರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಪುಟ (chrome://inspect) ತೆರೆಯಿರಿ. ಪಟ್ಟಿಯಲ್ಲಿ ಫೋನ್ ಕಾಣದಿದ್ದರೆ ಕೇಬಲ್ ಬದಲಿಸಿ ನೋಡಿ. ಕೆಲವು ಕೇಬಲ್ ಚಾರ್ಜಿಂಗ್‌ಗಷ್ಟೇ ಬರುತ್ತವೆ. ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ (ಫೋನಿನ ಪೋರ್ಟನ್ನು ಲ್ಯಾಪ್‌ಟಾಪಿನದ್ದಕ್ಕೆ ಜೋಡಿಸುವ ಸೌಲಭ್ಯ), ಲ್ಯಾಪ್‌ಟಾಪಿನಲ್ಲಿ ಸೈಟ್ ಓಡಿಸುವ ಸಾಧನ ವೀಟ್‌ನ 5173 ಪೋರ್ಟ್ ಕೊಟ್ಟರೆ ಫೋನಿನಲ್ಲೂ ಲೋಕಲ್‌ಹೋಸ್ಟ್ ತೆರೆದುಕೊಳ್ಳುತ್ತದೆ. ವೈಫೈ ಐಪಿ ವಿಳಾಸಕ್ಕಿಂತ ಇದೇ ಒಳ್ಳೆಯದು: ಎಚ್‌ಟಿಟಿಪಿಎಸ್ ಇಲ್ಲದ ಐಪಿಯಲ್ಲಿ ಕ್ಯಾಮೆರಾ, ಸರ್ವಿಸ್ ವರ್ಕರ್ (ಪುಟದ ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್) ನಡೆಯುವುದಿಲ್ಲ, ಲೋಕಲ್‌ಹೋಸ್ಟ್‌ಗೆ ಆ ಅಡ್ಡಿಯಿಲ್ಲ.

ಇನ್ನು ಅಕ್ಷರ. ಕಾರ್ಡಿನ (ಒಂದೊಂದು ಸೀರೆಯ ಚಿತ್ರ, ಬೆಲೆ ಇರುವ ಚೌಕದ) ತಲೆಬರಹಕ್ಕೆ ಲೈನ್-ಹೈಟ್, ಅಂದರೆ ಸಾಲಿನ ಎತ್ತರ, 1.2 ಇಟ್ಟು ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡು) ಮಾಡಿದರೆ ‘ಗುಳೇದಗುಡ್ಡ’ದ ಕೆಳಗಿನ ಡ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಇಂಗ್ಲಿಷ್‌ಗೆ ಸಾಕಾದ ಎತ್ತರ ಒತ್ತಕ್ಷರಕ್ಕೆ ಸಾಲದು. ನಾನು 1.6ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಒತ್ತು ಕೂಡಿಕೊಳ್ಳದೆ ‘ಚಿಕ್ಕಿ’ ಎಂಬುದು ‘ಚಿಕ್‌ಕಿ’ ಎಂದು ಕಂಡರೆ ಕಾರಣ ಬೇರೆ. ಫಾಂಟ್ ಫೈಲ್ ಚಿಕ್ಕದು ಮಾಡುವಾಗ ಅದರ ಜಿಸಬ್ ಟೇಬಲ್ ಬಿದ್ದುಹೋಗಿರುತ್ತದೆ; ಅಕ್ಷರ ಜೋಡಿಸುವ ನಿಯಮ ಇರುವುದೇ ಅದರಲ್ಲಿ. ಬಳಕೆಯಾದ ಫಾಂಟ್ ಯಾವುದೆಂದು ತಿಳಿಯಲು ಕ್ರೋಮ್ ಡೆವ್‌ಟೂಲ್ಸ್‌ನ ಎಲಿಮೆಂಟ್ಸ್ ಪ್ಯಾನೆಲ್‌ನ ಕಂಪ್ಯೂಟೆಡ್ ಟ್ಯಾಬ್‌ನ ತಳದಲ್ಲಿ ‘ರೆಂಡರ್ಡ್ ಫಾಂಟ್ಸ್’ ನೋಡಿ. ಸಿಎಸ್‌ಎಸ್‌ನಲ್ಲಿ (ವಿನ್ಯಾಸದ ಕೋಡಿನಲ್ಲಿ) ಬರೆದದ್ದಲ್ಲ, ನಿಜವಾಗಿ ಬಳಕೆಯಾದ ಫಾಂಟ್ ಅಲ್ಲಿರುತ್ತದೆ. ಈ ಒಂದು ಸಾಲು ಎಷ್ಟೋ ಹುಡುಕಾಟ ಉಳಿಸುತ್ತದೆ, ಆದರೂ ಬಹಳ ಮಂದಿ ಅಲ್ಲಿವರೆಗೆ ಇಳಿಯುವುದೇ ಇಲ್ಲ. ಫಾಂಟ್ ಯಾವ ಅಕ್ಷರಗಳಿಗೆ ಎಂದು ಹೇಳುವ ಯೂನಿಕೋಡ್-ರೇಂಜ್ ಕೊಡುವುದಾದರೆ, ಕನ್ನಡದ ಸಂಕೇತಗಳಾದ 0ಸಿ80ರಿಂದ 0ಸಿಎಫ್‌ಎಫ್ ಜೊತೆಗೆ 200ಸಿ, 200ಡಿ ಎರಡನ್ನೂ ಸೇರಿಸಿ. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಅಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ 200ಸಿ ಕೂತಿರುತ್ತದೆ; 200ಡಿ ಕೂಡಿಸುವ ಗುರುತು.

ಹೊಸ ಸೌಲಭ್ಯಗಳಲ್ಲಿ ನನಗೆ ಹೆಚ್ಚು ಒದಗಿದ್ದು ಕಂಟೇನರ್ ಕ್ವೆರಿ: ಪರದೆಯ ಬದಲು ಸುತ್ತಲಿನ ಚೌಕಟ್ಟಿನ ಅಗಲ ನೋಡಿ ವಿನ್ಯಾಸ ಬದಲಿಸುವ ಸಿಎಸ್‌ಎಸ್ ನಿಯಮ. 2023ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್ 110 ಬಂದಮೇಲೆ ಮುಖ್ಯ ಬ್ರೌಸರ್‌ಗಳೆಲ್ಲದರಲ್ಲೂ ಇದೆ. ಸೀರೆಯ ಒಂದೇ ಕಾರ್ಡ್ ಮುಖ್ಯ ಸಾಲಿನಲ್ಲಿ ಅಗಲವಾಗಿ, ಪಕ್ಕದ ಪಟ್ಟಿಯಲ್ಲಿ ಸೆರಗಿನ ಚಿತ್ರ ಮೇಲೆ, ಬೆಲೆ ಕೆಳಗೆ ಬರುವಂತೆ ಕೂರುತ್ತದೆ. ಕಂಟೇನರ್-ಟೈಪ್ ಇನ್‌ಲೈನ್-ಸೈಜ್ (ಇದರ ಅಗಲ ಅಳೆ ಎನ್ನುವ ಸೂಚನೆ) ಎಂಬುದನ್ನು ಕಾರ್ಡಿಗಲ್ಲ, ಅದರ ಹೊರಗಿನ ಚೌಕಟ್ಟಾದ ಡಿವ್‌ಗೆ ಕೊಡಬೇಕು. ಎಲಿಮೆಂಟ್ ತನ್ನ ಅಗಲವನ್ನು ತಾನೇ ಕೇಳಲಾರದು. ಆ ಡಿವ್ ಇನ್‌ಲೈನ್-ಬ್ಲಾಕ್ (ಒಳಗಿನದರಷ್ಟೇ ಅಗಲವಾಗುವ ಬಗೆ) ಆಗಿದ್ದರೆ ಒಳಗಿನದನ್ನು ಲೆಕ್ಕಕ್ಕೆ ಹಿಡಿಯದೆ ಅಗಲ ಸೊನ್ನೆಗೆ ಕುಸಿಯುತ್ತದೆ. ಆಗ ಅಗಲ 100 ಪ್ರತಿಶತ ಎಂದು ಬರೆದರೆ ಸರಿಹೋಗುತ್ತದೆ.