ಪೋಸ್ಟ್‌ಗ್ರೆಸ್ ನೋಟಿಫೈ: ಒಂದು ಕೆಲಸವೂ ಕಳೆದುಹೋಗದ ಹಾಗೆ ಬಳಸುವುದು ಹೇಗೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಪ್ರೋಗ್ರಾಂ ನೋಟಿಫೈ ಕಮಾಂಡ್ ಕೊಟ್ಟರೆ, ಲಿಸನ್ ಮಾಡಿ ಕೂತಿರುವ ಇನ್ನೊಂದಕ್ಕೆ ತಕ್ಷಣ ಸುದ್ದಿ ಮುಟ್ಟುತ್ತದೆ. ಬೇರೆ ಸರ್ವರ್ ಹಾಕುವ ಗೋಜಿಲ್ಲ. ಆದರೆ ಇದು ಊರಲ್ಲಿ ಡಂಗುರ ಸಾರಿದ ಹಾಗೆ: ಆ ಹೊತ್ತಿಗೆ ಇದ್ದವರಿಗೆ ಕೇಳಿಸಿತು, ಇಲ್ಲದವರಿಗೆ ಇಲ್ಲ. ಕನೆಕ್ಷನ್ ಕಡಿದಿದ್ದಾಗ ಬಂದ ಸುದ್ದಿಯನ್ನು ಪೋಸ್ಟ್‌ಗ್ರೆಸ್ ಯಾರಿಗೂ ಎತ್ತಿಡುವುದಿಲ್ಲ. ಒಂದು ರಾತ್ರಿ ನಮ್ಮಲ್ಲಿ ನೆಟ್‌ವರ್ಕ್ ಹೋಗಿ ಬಂತು, ವರ್ಕರ್ (ಸುದ್ದಿ ಕೇಳಿ ಕೆಲಸ ಮುಗಿಸುವ ಪ್ರೋಗ್ರಾಂ) ತಾನೇ ಮತ್ತೆ ಕನೆಕ್ಟ್ ಆಯಿತು, ಎಲ್ಲ ಸರಿ ಇದೆ ಅಂದುಕೊಂಡೆವು, ಬೆಳಿಗ್ಗೆ ನೋಡಿದರೆ ನಡುವೆ ಬಂದ ಆರ್ಡರ್‌ಗಳೆಲ್ಲ ಹಾಗೇ ಬಿದ್ದಿದ್ದವು.

ಹಾಗಾಗಿ ಕೆಲಸವನ್ನು ಮೊದಲು ಟೇಬಲ್‌ನಲ್ಲಿ ಬರೆಯಿರಿ. ಅದೇ ಟ್ರಾನ್ಸಾಕ್ಷನ್ (ಆದರೆ ಎಲ್ಲವೂ ಆಗುವ, ಇಲ್ಲದಿದ್ದರೆ ಯಾವುದೂ ಆಗದ ಕಮಾಂಡ್‌ಗಳ ಗುಂಪು) ಒಳಗೆ ನೋಟಿಫೈ ಕೊಡಿ. ಸುದ್ದಿ ಹೊರಡುವುದೇ ಕಮಿಟ್ ಆದಮೇಲೆ, ಅಂದರೆ ಬರೆದದ್ದು ಖಾಯಂ ಆದಮೇಲೆ; ರೋಲ್‌ಬ್ಯಾಕ್ ಆಗಿ ರದ್ದಾದರೆ ಎರಡೂ ಇಲ್ಲ. ಸುದ್ದಿಯಲ್ಲಿ ಐಡಿ ಇದ್ದರೆ ಸಾಕು. ಕೆಲಸದ ವಿವರವೆಲ್ಲ ಇರುವ ಇಡೀ ಜೇಸನ್ ತುರುಕಬೇಡಿ, 8000 ಬೈಟ್‌ಗಿಂತ ಕಡಿಮೆ ಇರಲೇಬೇಕು. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಅದೇ ಚಾನೆಲ್‌ಗೆ ಅದೇ ಮಾತನ್ನು ಹತ್ತು ಸಲ ಕಳಿಸಿದರೂ ಮುಟ್ಟುವುದು ಒಂದೇ ಸಲ. ಸುದ್ದಿ ಎಣಿಸಿ ಕೆಲಸ ಎಣಿಸಲು ಹೋಗಬೇಡಿ.

ಜಾಸ್ತಿ ಜನ ತಪ್ಪುವುದು ಕೇಳುವ ಕಡೆ. ಮೊದಲು ಲಿಸನ್ ಕೊಟ್ಟು ಕಮಿಟ್ ಮಾಡಿ, ಆಮೇಲೆ ಹೊಸ ಟ್ರಾನ್ಸಾಕ್ಷನ್‌ನಲ್ಲಿ ಟೇಬಲ್ ಓದಿ ಬಾಕಿ ಇರುವುದನ್ನೆಲ್ಲ ಮುಗಿಸಿ. ಇದನ್ನೇ ತಿರುಗಿಸಿ ಮಾಡಿದರೆ, ಓದಿ ಮುಗಿದು ಲಿಸನ್ ಕೊಡುವುದರೊಳಗೆ ಬಂದ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ? ಕನೆಕ್ಷನ್ ಕಡಿದು ಬಂದಾಗಲೆಲ್ಲ ಇದೇ ಕ್ರಮ. ಜೊತೆಗೆ ಸುದ್ದಿ ಬರಲಿ ಬಿಡಲಿ, ಅರ್ಧ ನಿಮಿಷಕ್ಕೊಮ್ಮೆ ಟೇಬಲ್ ನೋಡಿ. ಒಂದೇ ಸಾಲನ್ನು ಇಬ್ಬರು ವರ್ಕರ್‌ಗಳು ಎತ್ತಿಕೊಳ್ಳಬಾರದು ಅಂದರೆ ಸೆಲೆಕ್ಟ್‌ಗೆ ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್ ಸೇರಿಸಿ, ಇನ್ನೊಬ್ಬರು ಹಿಡಿದಿರುವ ಸಾಲನ್ನು ಅದು ಬಿಟ್ಟು ಮುಂದೆ ಹೋಗುತ್ತದೆ. ಪೋಸ್ಟ್‌ಗ್ರೆಸ್ 9.5 ರಿಂದ ಇದೆ.

ಲಿಸನ್‌ಗೆ ನೇರ ಕನೆಕ್ಷನ್ ಒಂದನ್ನು ಬೇರೆಯಾಗಿಯೇ ಇಡಿ. ನಡುವೆ ಪಿಜಿಬೌನ್ಸರ್ (ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ಪ್ರೋಗ್ರಾಂ) ಟ್ರಾನ್ಸಾಕ್ಷನ್ ಮೋಡ್‌ನಲ್ಲಿದ್ದರೆ ಲಿಸನ್ ನಡೆಯುವುದಿಲ್ಲ. ಆ ಕಡೆ ಸತ್ತಿದ್ದರೂ ಈ ಕಡೆ ಬದುಕಿದಂತೆ ಕಾಣುವ ಕನೆಕ್ಷನ್ ಇನ್ನೂ ಕೆಟ್ಟದ್ದು, ಅದಕ್ಕೆ ಆಗಾಗ ಸುಮ್ನೆ ಒಂದು ಸೆಲೆಕ್ಟ್ 1 ಕಳಿಸಿ ನೋಡಿ.

ಆ ಕನೆಕ್ಷನ್‌ನಲ್ಲಿ ಟ್ರಾನ್ಸಾಕ್ಷನ್ ತೆರೆದು ಹಾಗೇ ಬಿಡಲೇಬೇಡಿ. ಅದು ಮುಗಿಯುವವರೆಗೆ ಸುದ್ದಿ ಒಳಗೆ ಬರುವುದಿಲ್ಲ, ಹಳೆಯ ಸುದ್ದಿಗಳನ್ನು ಕ್ಯೂನಿಂದ (ಮುಟ್ಟಿಸಬೇಕಾದ ಸುದ್ದಿಗಳು ಕಾಯುವ ಸಾಲಿನಿಂದ) ತೆಗೆಯಲೂ ಆಗುವುದಿಲ್ಲ. ಸಾಮಾನ್ಯವಾಗಿ ಕ್ಯೂ 8 ಜಿಬಿ ಇರುತ್ತದೆ. ದೊಡ್ಡದೇ, ಆದರೆ ತುಂಬಿತು ಅಂದರೆ ನೋಟಿಫೈ ಕೊಟ್ಟವರ ಕಮಿಟ್ಟೇ ಫೇಲ್ ಆಗುತ್ತದೆ. ಅಂದರೆ ಕೇಳುವವನು ಮಲಗಿದರೆ ಆರ್ಡರ್ ಬರೆಯುವವನ ಕೆಲಸವೂ ನಿಲ್ಲುತ್ತದೆ. ಪಿಜಿ_ನೋಟಿಫಿಕೇಶನ್_ಕ್ಯೂ_ಯೂಸೇಜ್ ಫಂಕ್ಷನ್ 0 ರಿಂದ 1 ರ ನಡುವಿನ ಅಂಕಿ ಕೊಡುತ್ತದೆ, ಅದು ಏರುತ್ತಿದ್ದರೆ ಅಲರ್ಟ್ ಬರುವ ಹಾಗೆ ಮಾಡಿಕೊಳ್ಳಿ.

ಲೈವ್‌ಗೆ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಕೇಳುವ ವರ್ಕರನ್ನು ನಿಲ್ಲಿಸಿ, ಟೇಬಲ್‌ಗೆ 100 ಸಾಲು ಹಾಕಿ, ವರ್ಕರನ್ನು ಮತ್ತೆ ಶುರು ಮಾಡಿ. ಹೊಸ ನೋಟಿಫೈ ಒಂದೂ ಕೊಡದೆ ನೂರೂ ಮುಗಿಯಬೇಕು.