ಹೊಸ ಪ್ರಾಜೆಕ್ಟ್ ಬಿಟ್ಟು ಹಳೆಯ ಕೋಡ್ ರಿಪೇರಿಗೆ ಕೂರಿಸಿದೆ: ಬಿಸಿಎ ತರಗತಿಯಲ್ಲಿ ನನ್ನ ಅನುಭವ

ನಮ್ಮ ಕೊನೆಯ ವರ್ಷದ ಬಿಸಿಎ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಸಲ ಫಲಿತಾಂಶ ಬರುವ ಮೊದಲೇ ಕೆಲಸ ಸಿಕ್ಕಿದೆ. ಕೆಲವರು ಹುಬ್ಬಳ್ಳಿಯಲ್ಲಿ, ಹೆಚ್ಚಿನವರು ಬೆಂಗಳೂರಿನಲ್ಲಿ, ಒಬ್ಬಳು ಪುಣೆಯಲ್ಲಿ ಇದ್ದಾಳೆ. ನಾನು ಪಾಠ ಮಾಡುವುದು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ. ಇಲ್ಲಿಗೆ ಕ್ಯಾಂಪಸ್ ಸಂದರ್ಶನಕ್ಕೆ ಯಾವ ಕಂಪನಿಯೂ ಬರುವುದಿಲ್ಲ. ನಾನು ಹಿಡಿದ ದಾರಿಯನ್ನು ಸಹೋದ್ಯೋಗಿಗಳು ಮೂರು ವರ್ಷ ನಂಬಲಿಲ್ಲ, ಈಗ ಅವರೇ ಬಂದು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಮೊದಲು ಫಲ ಕೊಡದ ಪ್ರಯತ್ನಗಳನ್ನು ಹೇಳುತ್ತೇನೆ. ಉಚಿತ ಆನ್‌ಲೈನ್ ಕೋರ್ಸುಗಳನ್ನು ಮಾಡಿಸಿದ ವರ್ಷ ಪ್ರತಿಯೊಬ್ಬರ ಕೈಯಲ್ಲೂ ನಾಲ್ಕೈದು ಪ್ರಮಾಣಪತ್ರಗಳಿದ್ದವು, ಸಂದರ್ಶನದಲ್ಲಿ ಒಬ್ಬರೂ ಅವುಗಳನ್ನು ತಿರುಗಿಸಿ ನೋಡಲಿಲ್ಲ. ಮರುವರ್ಷ ಹೊರಗಿನ ತರಬೇತಿ ಸಂಸ್ಥೆಯೊಂದನ್ನು ಕರೆಸಿದೆವು. ತಲಾ ಒಂದೂವರೆ ಸಾವಿರ ವಸೂಲಿ ಮಾಡಿ ಒಂದು ವಾರ ಸ್ಲೈಡ್ ತೋರಿಸಿ ಹೋದರು, ಆ ಹಣಕ್ಕಾಗಿ ಪಾಲಕರಿಂದ ಮಾತು ಕೇಳಿದವನು ನಾನು. ಇನ್ನು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವಿಷಯ ಎಲ್ಲರಿಗೂ ಗೊತ್ತಿರುವುದೇ. ಗ್ರಂಥಾಲಯ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ ಎಂದು ನಾಲ್ಕೈದು ಸಾವಿರಕ್ಕೆ ಸಿದ್ಧ ಪ್ರಾಜೆಕ್ಟ್ ಸಿಗುತ್ತದೆ, ವರದಿಗೆ ಬೈಂಡಿಂಗ್ ಕೂಡ ಅವರೇ ಮಾಡಿಸಿ ಕೊಡುತ್ತಾರೆ. ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಒಂದು ಬಟನ್ನಿನ ಬಣ್ಣ ಬದಲಿಸು ಎಂದರೆ ಫೈಲ್ ಎಲ್ಲಿದೆ ಎಂದು ಹುಡುಕುತ್ತಾ ನಿಲ್ಲುತ್ತಾರೆ.

ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮೊದಲ ಆರು ತಿಂಗಳು ಏನು ಮಾಡಿದಿರಿ ಎಂದು ಕೇಳಿದೆ. ಹೊಸದಾಗಿ ಪ್ರೋಗ್ರಾಂ ಬರೆದವರು ಒಬ್ಬರೂ ಇರಲಿಲ್ಲ. ಯಾರೋ ಬರೆದು ಬಿಟ್ಟುಹೋದ ಕೋಡ್ ಓದುವುದು, ದೂರು ಬಂದಲ್ಲಿ ದೋಷ ಹುಡುಕುವುದು, ಒಂದೆರಡು ಸಾಲು ತಿದ್ದುವುದು, ತಿದ್ದಿದ್ದರಿಂದ ಬೇರೇನೂ ಕೆಟ್ಟಿಲ್ಲ ಎಂದು ತೋರಿಸುವುದು. ಸೈಕಲ್ ಶಾಪಿಗೆ ಸೇರಿದ ಹುಡುಗನಿಗೆ ಮೊದಲು ಕೊಡುವುದು ಪಂಕ್ಚರ್ ಕೆಲಸವನ್ನೇ. ನಾವು ಮಾತ್ರ ಮೂರು ವರ್ಷವೂ ಖಾಲಿ ಪರದೆಯಿಂದ ಐವತ್ತು ಸಾಲಿನ ಪ್ರೋಗ್ರಾಂ ಬರೆಸಿ ಕಳುಹಿಸುತ್ತಿದ್ದೆವು.

ಹೀಗಾಗಿ ಹೊಸ ಪ್ರಾಜೆಕ್ಟುಗಳನ್ನು ನಿಲ್ಲಿಸಿದೆ. ನಮ್ಮ ಊರಿನ ಸುತ್ತ ಒಣಮೆಣಸಿನಕಾಯಿ ವ್ಯಾಪಾರ ದೊಡ್ಡದು, ಬ್ಯಾಡಗಿ ಮಾರುಕಟ್ಟೆ ಹತ್ತಿರದಲ್ಲೇ ಇದೆ. ಪರಿಚಯದ ಒಂದು ದಲಾಲಿ ಅಂಗಡಿಯ ಲೆಕ್ಕವನ್ನು ಹಿಡಿದುಕೊಂಡೆವು. ಚೀಲ, ತೂಕ, ಧಾರಣೆ, ಹಮಾಲಿ ಎಲ್ಲ ಸೇರಿಸಿ ರೈತನಿಗೆ ಪಟ್ಟಿ ಕೊಡುವುದು, ಮುಂಗಡ ಮತ್ತು ಉದ್ರಿ ಬಾಕಿ ನೋಡಿಕೊಳ್ಳುವುದು. ಮೊದಲ ಬ್ಯಾಚ್ ಇದಕ್ಕೊಂದು ಪ್ರೋಗ್ರಾಂ ಅನ್ನು ಪೈಥಾನ್ ಭಾಷೆ ಮತ್ತು ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್‌ನಲ್ಲಿ ಬರೆಯಿತು. ಮುಂದಿನ ಬ್ಯಾಚುಗಳಿಗೆ ಹೊಸದು ಬರೆಯುವ ಅನುಮತಿಯೇ ಇಲ್ಲ. ಹಿಂದಿನವರು ಬರೆದದ್ದನ್ನು ಓದಬೇಕು, ಅಂಗಡಿಯಿಂದ ಬಂದ ದೂರನ್ನು ಬಗೆಹರಿಸಬೇಕು. ಆ ಕೋಡ್ ಈಗ ಹಲವು ಕೈ ದಾಟಿ ಒಳ್ಳೆಯ ಗೋಜಲಾಗಿದೆ, ನನಗೆ ಬೇಕಾಗಿದ್ದದ್ದೂ ಅದೇ. ಅಂಗಡಿಯ ಖಾತೆ ಪುಸ್ತಕ ಮಾತ್ರ ಮೊದಲ ಎರಡು ಸೀಸನ್ ಜೊತೆಜೊತೆಗೇ ನಡೆಯಬೇಕು ಎಂಬ ಷರತ್ತು ಹಾಕಿದ್ದೆ. ಈ ಷರತ್ತು ಇಲ್ಲದೆ ಯಾರೂ ಇಂಥ ಕೆಲಸಕ್ಕೆ ಇಳಿಯಬಾರದು.

ದೂರುಗಳು ಎಂಥವು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಲಿಕೆ ನಡೆದದ್ದು ಅಲ್ಲಿಯೇ. ಮೊದಲ ಸೀಸನ್ನಿನಲ್ಲೇ ಸಾಹುಕಾರರು ಫೋನ್ ಮಾಡಿ, ‘ಸರ್, ಬಸಪ್ಪನ ಬಾಕಿ ಎರಡು ಪಟ್ಟು ಹೇಗಾಯಿತು?’ ಎಂದರು. ಹುಡುಗರು ಹೆಸರನ್ನೇ ಪ್ರೈಮರಿ ಕೀ, ಅಂದರೆ ಒಬ್ಬೊಬ್ಬರ ಖಾತೆಯನ್ನು ಬೇರೆ ಮಾಡಿ ಗುರುತಿಸುವ ಗುರುತು, ಮಾಡಿದ್ದರು. ಬೇರೆ ಬೇರೆ ಊರಿನ ಇಬ್ಬರು ಬಸಪ್ಪಂದಿರ ಖಾತೆ ಒಂದಾಗಿತ್ತು. ಕೀ ಹೇಗಿರಬೇಕು ಎಂದು ಅದೇ ಮಕ್ಕಳು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪೂರ್ಣ ಅಂಕ ಪಡೆದಿದ್ದರು.

ಮುಂದಿನದು ಒಂದು ರೂಪಾಯಿಯ ಜಗಳ. ಎಂಟಾಣೆ ಮತ್ತು ಅದಕ್ಕಿಂತ ಮೇಲಿದ್ದರೆ ಪೂರ್ತಿ ರೂಪಾಯಿ ಎಂಬುದು ಅಂಗಡಿಯ ರೂಢಿ. ಪೈಥಾನಿನಲ್ಲಿ ಪೂರ್ಣಾಂಕ ಮಾಡಿಕೊಡುವ ರೌಂಡ್ ಹಾಗೆ ಮಾಡುವುದಿಲ್ಲ, ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 12.5 ಕೊಟ್ಟರೆ 12, 13.5 ಕೊಟ್ಟರೆ 14. ಒಬ್ಬ ರೈತ ಪಟ್ಟಿಯನ್ನು ಬೆರಳಲ್ಲೇ ಎಣಿಸಿ ಒಂದು ರೂಪಾಯಿ ಕಡಿಮೆ ಎಂದು ವಾಪಸು ಬಂದ. ಹುಡುಗಿಯೊಬ್ಬಳು ಎರಡು ದಿನ ಕೂತು ಇದನ್ನು ಪತ್ತೆ ಮಾಡಿ, ಇಡೀ ಲೆಕ್ಕವನ್ನು ಪೂರ್ಣಾಂಕ ಪೈಸೆಗೆ ಬದಲಿಸಿದಳು. ಪುಣೆಯ ಸಂದರ್ಶನದಲ್ಲಿ ಅವಳನ್ನು ಪ್ರಾಜೆಕ್ಟ್ ಬಗ್ಗೆ ಕೇಳಿದಾಗ ಈ ಒಂದು ರೂಪಾಯಿಯ ಕಥೆಯನ್ನೇ ಹೇಳಿದಳಂತೆ. ಉಳಿದ ಸಮಯವೆಲ್ಲ ಅದರ ಚರ್ಚೆಯಲ್ಲೇ ಹೋಯಿತು ಎಂದು ಅವಳೇ ಹೇಳಿದ್ದು.

ಅಂಗಡಿಯ ಹಳೆಯ ರೈತರ ಪಟ್ಟಿ ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟಿನಲ್ಲಿತ್ತು, ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ಡೇಟಾಬೇಸಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಪರಿವರ್ತನೆಯನ್ನು ಹುಡುಗರೇ ಬರೆಯಲಿ ಎಂದೆ. ಅರ್ಕಾವತ್ತು ಅವರನ್ನು ಚೆನ್ನಾಗಿ ಆಟವಾಡಿಸಿತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರಬೇಕು. ಧರ್ಮಪ್ಪ, ಈರ್ವಪ್ಪ ಎಲ್ಲರ ಹೆಸರೂ ಕೆಟ್ಟಿತು. ಅದಾದ ಮೇಲೆ ಡೇಟಾಬೇಸ್ ಟೇಬಲ್ಲಿನ ಕ್ಯಾರೆಕ್ಟರ್ ಸೆಟ್, ಅಂದರೆ ಅದು ಇಟ್ಟುಕೊಳ್ಳಬಲ್ಲ ಅಕ್ಷರಗಳ ಗುಂಪು, ಲ್ಯಾಟಿನ್ ಆಗಿದ್ದರಿಂದ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ‘ಕೃಷ್ಣ’ ಎಂಬುದರ ಉದ್ದ ಕೇಳಿದರೆ ಪೈಥಾನ್ 5 ಎನ್ನುತ್ತದೆ, ಯೂನಿಕೋಡನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8 ಇದ್ದಾಗ ಸಿ ಭಾಷೆಯಲ್ಲಿ ಉದ್ದ ಎಣಿಸುವ ಸ್ಟ್ರ್‌ಲೆನ್ 15 ಎನ್ನುತ್ತದೆ, ನಮ್ಮ ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಈ ಮೂರು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದು ನಾನು ಹೊರಗೆ ಹೋಗಿ ಚಹಾ ಕುಡಿದು ಬಂದೆ. ವಾಪಸು ಬರುವಷ್ಟರಲ್ಲಿ ಹಿಂದಿನ ಬೆಂಚಿನವರೇ ಕಾರಣ ಕಂಡುಹಿಡಿದಿದ್ದರು: ಒಂದು ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ, ಇನ್ನೊಂದು ಬೈಟುಗಳನ್ನು.

ಹಣದ ಮಾತು. ಲ್ಯಾಬಿನಲ್ಲಿ ಇಪ್ಪತ್ತರ ಆಸುಪಾಸು ಯಂತ್ರಗಳು, ಹತ್ತು ವರ್ಷ ದಾಟಿದವು, ಟರ್ಬೊ ಸಿ ಎಂಬ ಹಳೆಯ ತಂತ್ರಾಂಶ ಮಾತ್ರ ಚುರುಕಾಗಿ ಓಡುತ್ತಿತ್ತು. ಹೊಸ ಕಂಪ್ಯೂಟರಿಗೆ ಆಡಳಿತ ಮಂಡಳಿ ಒಪ್ಪಲಿಲ್ಲ. 240 ಜಿಬಿಯ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಆಗ ಒಂದಕ್ಕೆ ಸುಮಾರು ಒಂದೂವರೆ ಸಾವಿರಕ್ಕೆ ಸಿಗುತ್ತಿತ್ತು, ಹುಬ್ಬಳ್ಳಿಯಿಂದ ಹಳೆಯ ರ‍್ಯಾಮ್ ತಂದೆ. ಎಲ್ಲ ಸೇರಿ ಮೂವತ್ತೈದು ಸಾವಿರದ ಹತ್ತಿರ ಆಯಿತು, ಅರ್ಧದಷ್ಟು ನನ್ನ ಕೈಯಿಂದ. ಅದು ನನಗೆ ಇಂದಿಗೂ ವಾಪಸು ಬಂದಿಲ್ಲ, ಆದರೆ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದ ಆ ಯಂತ್ರಗಳು ಇನ್ನೂ ಓಡುತ್ತಿವೆ. ಇಂಟರ್ನೆಟ್ ಮಧ್ಯಾಹ್ನದ ನಂತರ ಕೈಕೊಡುವುದರಿಂದ ಒಂದು ಹಳೆಯ ಯಂತ್ರದಲ್ಲಿ ಗಿಟೀ ಎಂಬ ತಂತ್ರಾಂಶ ಹಾಕಿ ಲ್ಯಾಬಿನೊಳಗೇ ಗಿಟ್ ಸರ್ವರ್, ಅಂದರೆ ಕೋಡಿನ ಪ್ರತಿ ತಿದ್ದುಪಡಿಯನ್ನೂ ದಾಖಲಿಸಿಡುವ ವ್ಯವಸ್ಥೆ, ಮಾಡಿದೆ. ಅದಕ್ಕೆ ಒಳ್ಳೆಯ ಯುಪಿಎಸ್ ಬೇಕೇ ಬೇಕು. ಒಮ್ಮೆ ವಿದ್ಯುತ್ ಹೋಗಿ ಡಿಸ್ಕ್ ಸತ್ತಾಗ ಇಡೀ ರೆಪಾಸಿಟರಿ, ಅಂದರೆ ಕೋಡಿನ ಸಂಗ್ರಹ, ಉಳಿದದ್ದು ಮಕ್ಕಳ ಯಂತ್ರಗಳಲ್ಲಿದ್ದ ಪೂರ್ಣ ಪ್ರತಿಗಳಾದ ಕ್ಲೋನ್‌ಗಳಿಂದ. ಗಿಟ್ ಏಕೆ ಎಂದು ಆ ದಿನದ ನಂತರ ನಾನು ವಿವರಿಸಬೇಕಾಗಿ ಬಂದಿಲ್ಲ.

ಪಠ್ಯಕ್ರಮ ಬಿಟ್ಟು ಇದೆಲ್ಲ ಮಾಡಲು ಸಮಯ ಎಲ್ಲಿದೆ ಎಂಬುದೇ ಸಹೋದ್ಯೋಗಿಗಳ ದೊಡ್ಡ ತಕರಾರು. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ ಪದವಿ ಎಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ಎರಡು ಬದಲಾವಣೆಗಳ ನಡುವೆಯೂ ನನ್ನ ಕ್ರಮ ಉಳಿಯಿತು, ಏಕೆಂದರೆ ಅದು ಪಠ್ಯಕ್ರಮದ ಯಾವ ಪತ್ರಿಕೆಗೂ ಅಂಟಿಕೊಂಡಿಲ್ಲ. ವಿಶ್ವವಿದ್ಯಾಲಯದ ಲ್ಯಾಬ್ ಪ್ರೋಗ್ರಾಂಗಳನ್ನು ಸೆಮಿಸ್ಟರಿನ ಮೂರನೇ ಎರಡು ಭಾಗದೊಳಗೆ ಮುಗಿಸುತ್ತೇನೆ, ರೆಕಾರ್ಡ್ ಎಂದಿನಂತೆ ಬರೆಸುತ್ತೇನೆ. ಇಂಟರ್ನಲ್ ಅಂಕಗಳನ್ನು ಮಾತ್ರ ಗಿಟ್‌ನ ಕಮಿಟ್ ಇತಿಹಾಸ, ಅಂದರೆ ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆ, ನೋಡಿ ಕೊಡುತ್ತೇನೆ. ಪಾಲಕರೊಬ್ಬರು ಬಂದು, ‘ಸರ್, ನನ್ನ ಮಗನನ್ನು ಕಂಪ್ಯೂಟರ್ ಕಲಿಯಲು ಕಳುಹಿಸಿದ್ದೇನೆ, ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಅಲ್ಲ’ ಎಂದು ಎಲ್ಲರೆದುರು ಹೇಳಿದ್ದರು. ಆ ಹುಡುಗ ಈಗ ಬೆಂಗಳೂರಿನಲ್ಲಿ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿದ್ದಾನೆ.

ವಾರಕ್ಕೊಮ್ಮೆ ಇನ್ನೊಂದು ಅಭ್ಯಾಸವಿದೆ. ಓಡುತ್ತಿರುವ ಪ್ರೋಗ್ರಾಂ ಅನ್ನು ನಾನೇ ಒಂದು ಕಡೆ ಕೆಡಿಸಿಡುತ್ತೇನೆ. ಹುಡುಕಿದವರು ಏನು ಕೆಟ್ಟಿತ್ತು, ಹೇಗೆ ಗೊತ್ತಾಯಿತು, ಏನು ತಿದ್ದಿದೆ ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಆರೇಳು ಸಾಲು ಬರೆಯಬೇಕು. ನೇರವಾಗಿ ಇಂಗ್ಲಿಷಿನಲ್ಲಿ ಬರೆಸಿದಾಗ ಪುಸ್ತಕದ ವಾಕ್ಯಗಳು ಬರುತ್ತಿದ್ದವು. ಕನ್ನಡದಲ್ಲಿ ಯೋಚನೆ ಒಮ್ಮೆ ತಿಳಿಯಾದರೆ ಇಂಗ್ಲಿಷ್ ಚಿಕ್ಕದಾಗಿ, ನೇರವಾಗಿ ಬರುತ್ತದೆ, ಸಂದರ್ಶನಕ್ಕೆ ಅಷ್ಟು ಸಾಕು. ಯಾವ ಜಾಗದಲ್ಲಿ ಕೆಡಿಸಬೇಕು, ಯಾವ ಹುಡುಗನಿಗೆ ಯಾವ ದೋಷ ಕೊಡಬೇಕು ಎಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ. ತಂಡಗಳನ್ನು ಕಟ್ಟುವ ಕ್ರಮವನ್ನೂ ಅದೇ ಕಾರಣಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಚಾಟ್‌ಜಿಪಿಟಿ ಬಂದ ಮೇಲೆ ನಿಮ್ಮ ಪದ್ಧತಿ ಮುಗಿಯಿತು ಎಂದವರಿದ್ದಾರೆ. ನಾನು ಅದನ್ನು ನಿಷೇಧಿಸಿಲ್ಲ. ಬಸಪ್ಪ ಇಬ್ಬರಿದ್ದಾರೆ ಎಂಬುದು ಅದಕ್ಕೆ ಗೊತ್ತಿಲ್ಲ, ಅಂಗಡಿಗೆ ಹೋಗಿ ಕೇಳಿಕೊಂಡು ಬಂದವನಿಗಷ್ಟೇ ಗೊತ್ತು. ವೈವಾದಲ್ಲಿ ನನ್ನೆದುರೇ ಒಂದು ನಿಯಮ ಬದಲಿಸಲು ಹೇಳುತ್ತೇನೆ, ಹಮಾಲಿಯನ್ನು ಚೀಲದ ಬದಲು ಕ್ವಿಂಟಲ್ ಲೆಕ್ಕದಲ್ಲಿ ಹಿಡಿ ಎನ್ನುತ್ತೇನೆ. ಐದು ನಿಮಿಷದಲ್ಲಿ ಯಾರು ಓದಿ ತಿಳಿದಿದ್ದಾರೆ, ಯಾರು ಅಂಟಿಸಿದ್ದಾರೆ ಎಂಬುದು ಹೊರಬರುತ್ತದೆ.

ನಡುವೆ ತೂಕದ ಯಂತ್ರದ ಹಿಂದೆಯೂ ಬಿದ್ದಿದ್ದೆವು. ಅಂಗಡಿಯ ಎಲೆಕ್ಟ್ರಾನಿಕ್ ಕಾಟಾದ ಹಿಂಭಾಗದಲ್ಲಿ ತೂಕದ ಅಂಕಿ ಹೊರಗೆ ಕಳುಹಿಸುವ ಸೀರಿಯಲ್ ಪೋರ್ಟ್ ಇದೆ, ನಾಲ್ಕುನೂರರ ಸುಮಾರಿನ ಕೇಬಲ್ ಹಾಕಿದರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ತೂಕ ನೇರ ಕಂಪ್ಯೂಟರಿಗೆ ಬರುತ್ತದೆ. ಬಂತು ಕೂಡ. ಆದರೆ ಚೀಲ ಇಡುವಾಗಿನ ಅಲುಗಾಟದ ತೂಕವೆಲ್ಲ ದಾಖಲಾಗಿ ಒಂದು ಚೀಲಕ್ಕೆ ಹತ್ತಾರು ಸಾಲುಗಳು. ಸತತ ಕೆಲವು ಸಲ ಒಂದೇ ತೂಕ ಬಂದರಷ್ಟೇ ಸ್ವೀಕರಿಸು ಎಂದು ತಿದ್ದಿದ ಮೇಲೆ ಸರಿಯಾಯಿತು. ಆಮೇಲೆ ಮೆಣಸಿನಕಾಯಿಯ ಧೂಳು ಆ ಕಂಪ್ಯೂಟರಿನ ಫ್ಯಾನನ್ನೇ ನಿಲ್ಲಿಸಿತು. ಈ ವರ್ಷ ಫ್ಯಾನಿಲ್ಲದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು ನೋಡುತ್ತಿದ್ದೇವೆ.

ನಿಮ್ಮ ಊರಿನಲ್ಲಿ ಮೆಣಸಿನಕಾಯಿ ಇಲ್ಲದಿದ್ದರೆ ಅಡಿಕೆ ಮಂಡಿ, ಗೊಬ್ಬರದಂಗಡಿ, ಹಾಲು ಸಂಗ್ರಹ ಕೇಂದ್ರ ಯಾವುದಾದರೂ ಆದೀತು. ಉದ್ರಿ ಇರಬೇಕು, ದಿನವೂ ಲೆಕ್ಕ ನಡೆಯಬೇಕು, ಮಾಲೀಕರಿಗೆ ಒಂದು ರೂಪಾಯಿ ತಪ್ಪಿದರೂ ಸಿಟ್ಟು ಬರಬೇಕು. ಮಾತನಾಡಲು ಜೂನ್ ಅಥವಾ ಜುಲೈನಲ್ಲಿ ಹೋಗಿ, ಆಗ ನಮ್ಮ ಕಡೆ ಅಂಗಡಿಗಳಲ್ಲಿ ಬಿಡುವಿರುತ್ತದೆ. ಜನವರಿ ನಂತರ ಆವಕ ಏರಿದಾಗ ಹೋದರೆ ಚಹಾ ಕೊಟ್ಟು ಕಳುಹಿಸಿಬಿಡುತ್ತಾರೆ. ಮೊದಲ ಭೇಟಿಗೆ ಲ್ಯಾಪ್‌ಟಾಪ್ ಒಯ್ಯಬೇಡಿ, ಅವರ ಖಾತೆ ಪುಸ್ತಕದ ಎರಡು ಪುಟಗಳನ್ನು ಕೈಯಲ್ಲೇ ನಕಲು ಮಾಡಿಕೊಂಡು ಬನ್ನಿ.